ಪೋಸ್ಟ್‌ಮಾಸ್ಟರ ಮಗನ ಲೋಟ

ಮೊದಲೇ ಹೇಳಿಬಿಡುತ್ತೇನೆ, ನಾನು ಮಿತಿಯ ಪರ. ಟೀವಿ ರಸಪ್ರಶ್ನೆಯಲ್ಲಿ ಒಬ್ಬನೇ ದಿನಾ ಬಂದು, ದಿನಾ ಗೆದ್ದು, ದಿನಾ ದುಡ್ಡು ಬಾಚಿಕೊಂಡು ಹೋಗುವುದನ್ನು ನಾನು ಯಾವತ್ತೂ ಒಪ್ಪಿದವನಲ್ಲ. ಗೆಲುವಿಗೊಂದು ಲೆಕ್ಕ ಬೇಕು, ಗಳಿಕೆಗೊಂದು ಕಟ್ಟು ಬೇಕು. ಇದು ನಿನ್ನೆ ಮೊನ್ನೆ ಹುಟ್ಟಿದ ಅಭಿಪ್ರಾಯವಲ್ಲ, ಏಳನೇ ಕ್ಲಾಸಿನಿಂದ ಜೋಪಾನವಾಗಿ ಕಾಪಾಡಿಕೊಂಡು ಬಂದ ಸಿದ್ಧಾಂತ.

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ರಸಪ್ರಶ್ನೆ ಇಡುತ್ತಿದ್ದರು. ಮೊದಲ ಬಹುಮಾನ ಒಂದು ಸ್ಟೀಲ್ ಲೋಟ. ಅದರ ಮೈಮೇಲೆ ಶಾಲೆಯ ಹೆಸರು, ವರ್ಷ, ಎಲ್ಲ ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಿತ್ತು. ಮೂರು ವರ್ಷ ಮೂರು ಲೋಟಗಳೂ ಪೋಸ್ಟ್‌ಮಾಸ್ಟರ ಮಗನ ಮನೆ ಸೇರಿದವು. ಅವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ. ಗುಟ್ಟು ಬಹಳ ದಿನಗಳ ಮೇಲೆ ತಿಳಿಯಿತು: ಊರಿನ ಚಂದಾದಾರರಿಗೆಲ್ಲ ಬರುವ ವಾರಪತ್ರಿಕೆ, ಮಾಸಪತ್ರಿಕೆಗಳು ಮೊದಲು ಇಳಿಯುತ್ತಿದ್ದುದು ಅವರ ಮನೆಯ ಜಗುಲಿಯಲ್ಲಿ. ಅಪ್ಪ ಸೀಲು ಒತ್ತಿ ಮುಗಿಸುವಷ್ಟರಲ್ಲಿ ಮಗ ಪತ್ರಿಕೆಗೆ ಸುತ್ತಿದ ಕಾಗದದ ಪಟ್ಟಿಯನ್ನು ಹರಿಯದಂತೆ ಜಾರಿಸಿ, ಓದಿ, ಮತ್ತೆ ತೊಡಿಸಿ ಚೀಲಕ್ಕೆ ಹಾಕುತ್ತಿದ್ದ. ಊರ ಡಾಕ್ಟರಿಗೂ ಹೆಡ್‌ಮಾಸ್ಟರಿಗೂ ಲೋಕದ ಸುದ್ದಿ ಮುಟ್ಟುತ್ತಿದ್ದುದು ಅವನು ಓದಿ ಮುಗಿಸಿದ ಮೇಲೆಯೇ.

ನಾಲ್ಕನೇ ವರ್ಷ ನಮ್ಮ ಅಪ್ಪಂದಿರಲ್ಲಿ ನಾಲ್ಕು ಜನ ಹೆಡ್‌ಮಾಸ್ಟರನ್ನು ಕಂಡರು. "ಸಾರ್, ಉಳಿದ ಮಕ್ಕಳಿಗೂ ಪ್ರೋತ್ಸಾಹ ಬೇಡವೇ?" ಎಂದರು. ಉಳಿದ ಮಕ್ಕಳಿಗೂ ಪತ್ರಿಕೆ ಬೇಡವೇ ಎಂದು ಯಾರೂ ಕೇಳಲಿಲ್ಲ, ಅದಕ್ಕೆ ಖರ್ಚಿದೆ. ನಿಯಮಕ್ಕೆ ಖರ್ಚಿಲ್ಲ. ಹಿಂದೆ ಗೆದ್ದವರು ಸ್ಪರ್ಧಿಸುವಂತಿಲ್ಲ ಎಂದು ಹೆಡ್‌ಮಾಸ್ಟರು ನೋಟಿಸ್ ಬೋರ್ಡಿನಲ್ಲಿ ಬರೆಸಿದರು. ಪೋಸ್ಟ್‌ಮಾಸ್ಟರ ಮಗನನ್ನು ಅಂಕ ಬರೆಯಲಿಕ್ಕೆ ಕರಿಹಲಗೆಯ ಪಕ್ಕ ನಿಲ್ಲಿಸಿದರು. ಆ ವರ್ಷದ ಲೋಟ ನನಗೆ ಬಂತು. ನಡುವೆ ಒಂದು ಪ್ರಶ್ನೆಗೆ ಸರಿಯುತ್ತರ ಯಾವುದೆಂದು ಮೇಷ್ಟರಿಗೇ ಅನುಮಾನ ಬಂದು, ಅವರು ತಿರುಗಿ ಕೇಳಿದ್ದು ಅಂಕ ಬರೆಯುತ್ತಿದ್ದವನನ್ನು. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ನಮ್ಮ ಹೆಡ್‌ಮಾಸ್ಟರ ಈ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದ ದೇಶ ಅಮೆರಿಕ. ಅಲ್ಲಿ ಅದು ಯಾಕೆ ಬಂತು ಎಂಬ ಕಥೆ ಕೇಳಿದರೆ ನಮ್ಮ ಹೆಡ್‌ಮಾಸ್ಟರು ಪರಮ ಸಾಧು ಅನ್ನಿಸುತ್ತದೆ.

1955ರ ಜೂನ್‌ನಲ್ಲಿ ಸಿಬಿಎಸ್ ವಾಹಿನಿ 64,000 ಡಾಲರ್ ಬಹುಮಾನದ ಒಂದು ರಸಪ್ರಶ್ನೆ ಶುರು ಮಾಡಿತು. ಪ್ರಾಯೋಜಕರು ರೆವ್ಲಾನ್, ಲಿಪ್‌ಸ್ಟಿಕ್ ಮಾರುವವರು. ಯಾವ ಸ್ಪರ್ಧಿ ನಾಳೆಯೂ ಬರಬೇಕು, ಯಾರ ಮುಖ ಸಾಕಾಯಿತು ಎಂಬುದರಲ್ಲಿ ಲಿಪ್‌ಸ್ಟಿಕ್‌ನವರ ಅಭಿಪ್ರಾಯಕ್ಕೆ ಬೆಲೆಯಿತ್ತು. ಜಾಯ್ಸ್ ಬ್ರದರ್ಸ್ ಎಂಬ ಮನಶ್ಶಾಸ್ತ್ರಜ್ಞೆ ಬಾಕ್ಸಿಂಗ್ ಬಗ್ಗೆ ಉತ್ತರ ಹೇಳುತ್ತೇನೆಂದು ಬಂದರು. ಅವರನ್ನು ಕೆಡವಲಿಕ್ಕೆಂದೇ ಪ್ರಶ್ನೆಗಳನ್ನು ಗಟ್ಟಿ ಮಾಡಿದರು. ಆಕೆ ಬಾಕ್ಸಿಂಗ್ ಚರಿತ್ರೆಯನ್ನು ಪರೀಕ್ಷೆಗೆ ಕೂತವರ ಹಾಗೆ ಉರು ಹೊಡೆದು ಬಂದಿದ್ದರು. ಅಷ್ಟೂ ದುಡ್ಡನ್ನು ಎಣಿಸಿಕೊಂಡೇ ಹೋದರು.

ಮರುವರ್ಷ ಎನ್‌ಬಿಸಿಯಲ್ಲಿ ‘ಟ್ವೆಂಟಿ ಒನ್’ ಬಂತು. ಇದರ ಪ್ರಾಯೋಜಕರು ಜೆರಿಟಾಲ್ ಎಂಬ ಕಬ್ಬಿಣಾಂಶದ ಟಾನಿಕ್‌ನವರು. ಇವರು ಲಿಪ್‌ಸ್ಟಿಕ್‌ನವರಿಗಿಂತ ಒಂದು ಹೆಜ್ಜೆ ಮುಂದೆ. ಹರ್ಬರ್ಟ್ ಸ್ಟೆಂಪೆಲ್ ಎಂಬ ಬಡ ವಿದ್ಯಾರ್ಥಿಗೆ ನಿರ್ಮಾಪಕ ಡ್ಯಾನ್ ಎನ್‌ರೈಟ್ ಪ್ರಶ್ನೆ ಉತ್ತರ ಎರಡನ್ನೂ ಮೊದಲೇ ಕೊಟ್ಟ. ಜೊತೆಗೆ ಮೈಗೆ ಹೊಂದದ ಹಳೇ ಸೂಟು ಹಾಕಿಸಿದ. ಹಣೆಯ ಬೆವರನ್ನು ಉಜ್ಜಿ ಒರೆಸಬೇಡ, ಕರವಸ್ತ್ರದಿಂದ ಮೆಲ್ಲಗೆ ಒತ್ತಿಕೋ, ಆಗ ಚೆನ್ನಾಗಿ ಕಾಣುತ್ತದೆ ಎಂದು ಬೆವರಿನ ಬಗ್ಗೆಯೂ ಪಾಠ ಹೇಳಿಕೊಟ್ಟ. ಸ್ಟೆಂಪೆಲ್ ಗೆದ್ದ, ಗೆದ್ದ, ಗೆಲ್ಲುತ್ತಲೇ ಹೋದ. ಆಮೇಲೆ ಅವನ ಮುಖ ಟಾನಿಕ್ ವ್ಯಾಪಾರಕ್ಕೆ ಹಿಡಿಸದಾಯಿತು. ಇನ್ನು ಸೋಲು ಎಂದರು. 1955ರ ಶ್ರೇಷ್ಠ ಚಿತ್ರಕ್ಕೆ ಆಸ್ಕರ್ ಪಡೆದ ಸಿನಿಮಾ ಯಾವುದೆಂದು ಕೇಳಿದರು. ಉತ್ತರ ‘ಮಾರ್ಟಿ’. ಅವನಿಗೆ ಗೊತ್ತಿತ್ತು, ತಪ್ಪು ಹೇಳೆಂದು ಅಪ್ಪಣೆಯಾಗಿತ್ತು. ಹೇಳಿದ. ಅವನ ಜಾಗಕ್ಕೆ ಬಂದವನು ಚಾರ್ಲ್ಸ್ ವ್ಯಾನ್ ಡೋರೆನ್. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕ, ಕವಿಯ ಮಗ, ನೋಡಲು ಲಕ್ಷಣವಂತ. ಅವನಿಗೂ ಉತ್ತರ ಮೊದಲೇ ಸಿಕ್ಕುತ್ತಿತ್ತು. 1,29,000 ಡಾಲರ್ ಗೆದ್ದ, ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಬಂದ. 1959ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಎಲ್ಲ ನಾಟಕವೆಂದು ಒಪ್ಪಿಕೊಂಡ. ಕೊಲಂಬಿಯದ ಕೆಲಸ ಹೋಯಿತು, ಟೀವಿಯ ಕೆಲಸವೂ ಹೋಯಿತು. ಕೊನೆಗೆ ಅವನು ಹೊಟ್ಟೆಪಾಡಿಗೆ ಸೇರಿಕೊಂಡದ್ದು ಎನ್‌ಸೈಕ್ಲೋಪೀಡಿಯ ಬ್ರಿಟಾನಿಕ ಕಚೇರಿಯನ್ನು. ಉತ್ತರಗಳೆಲ್ಲ ಅಧಿಕೃತವಾಗಿಯೇ ಕಪಾಟಿನಲ್ಲಿರುವ ಜಾಗ.

ಈಗ ನ್ಯಾಯ ಹೇಳಿ. ಮದುವೆ ಮನೆಯಲ್ಲಿ ಅಡುಗೆಯವನು ತುಪ್ಪ ಕದ್ದು ಸಿಕ್ಕಿಬಿದ್ದರೆ ಏನು ಮಾಡಬೇಕು? ಅಡುಗೆಯವನನ್ನು ಕಳಿಸಬೇಕು ಎಂದು ನೀವು ಅನ್ನುತ್ತೀರಿ. ನಿಮಗೆ ವ್ಯವಹಾರ ಗೊತ್ತಿಲ್ಲ. ಪಂಕ್ತಿಯಲ್ಲಿ ಕೂತವರಿಗೆ ಇನ್ನು ಮೇಲೆ ಎರಡೇ ಹೋಳಿಗೆ ಎಂದು ಘೋಷಿಸಬೇಕು. ಅಮೆರಿಕದ ವಾಹಿನಿಗಳು ಮಾಡಿದ್ದು ಅದನ್ನೇ. ಮೋಸ ಮಾಡಿದವರು ನಿರ್ಮಾಪಕರು, ಮಾಡಿಸಿದವರು ಪ್ರಾಯೋಜಕರು, ಮಿತಿ ಬಿದ್ದದ್ದು ಸ್ಪರ್ಧಿಯ ತಟ್ಟೆಗೆ. ಸಿಬಿಎಸ್‌ನಲ್ಲಿ ಎಷ್ಟೋ ವರ್ಷ 25,000 ಡಾಲರ್ ದಾಟಿದವನು ಎದ್ದು ಹೋಗಬೇಕಿತ್ತು. ರಸಪ್ರಶ್ನೆಯಲ್ಲಿ ಮೋಸ ಮಾಡುವುದು ಅಪರಾಧವೆಂಬ ಕಾನೂನು ಬಂದದ್ದೇ 1960ರಲ್ಲಿ, ಅದಕ್ಕೆ ಮೊದಲು ಅದೊಂದು ಉದ್ಯಮವಷ್ಟೇ. ಹಾಗಾಗಿ ಮೋಸಕ್ಕೆಂದು ಯಾರಿಗೂ ಶಿಕ್ಷೆಯಾಗಲಿಲ್ಲ. ವಿಚಾರಣೆಯಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ವ್ಯಾನ್ ಡೋರೆನ್ ಮೊದಲಾದ ಸ್ಪರ್ಧಿಗಳು ಕೋರ್ಟಿನಲ್ಲಿ ತಲೆತಗ್ಗಿಸಿ ನಿಂತರು. ಎನ್‌ರೈಟ್ ಮತ್ತು ಅವನ ಪಾಲುದಾರ, ನಿರೂಪಕ ಜ್ಯಾಕ್ ಬ್ಯಾರಿ ಕೆಲವು ವರ್ಷ ವನವಾಸ ಮಾಡಿ, ಎಪ್ಪತ್ತರ ದಶಕದಲ್ಲಿ ಹೊಸ ಹೊಸ ರಸಪ್ರಶ್ನೆಗಳೊಂದಿಗೆ ವಾಪಸಾದರು. ಅಡುಗೆಯವನ ಕೈರುಚಿ ಚೆನ್ನಾಗಿದ್ದರೆ ಊರು ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುತ್ತದೆ?

ಅವರು ವಾಪಸಾಗಿ ಮಾಡಿದ ‘ಟಿಕ್ ಟ್ಯಾಕ್ ಡೋ’ದಲ್ಲಿ ಮಿತಿಯೇ ಇರಲಿಲ್ಲ ಎಂಬುದು ಗಮನಿಸತಕ್ಕದ್ದು. 1980ರಲ್ಲಿ ನೌಕಾಪಡೆಯ ಥಾಮ್ ಮೆಕೀ ಅಲ್ಲಿ 43 ಎದುರಾಳಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಮಲಗಿಸಿ 3,12,700 ಡಾಲರ್ ಬೆಲೆಯ ನಗದು, ವಸ್ತು ಗೆದ್ದ. ಅದರಲ್ಲಿ ಎಂಟು ಕಾರುಗಳಿದ್ದವು. ಹಾಯಿದೋಣಿಗಳೂ ಇದ್ದವು. ನೌಕಾಪಡೆಯವನಿಗೆ ದೋಣಿ ಕೊಡುವುದು ನಮ್ಮಲ್ಲಿ ಬಸ್ ಕಂಡಕ್ಟರ್‌ಗೆ ಪಾಸು ಕೊಟ್ಟ ಹಾಗೆ. ಎಂಟು ಕಾರನ್ನು ಒಬ್ಬ ಮನುಷ್ಯ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬೆಂಗಳೂರಿನ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು ಯೋಚಿಸಿ. ಅಮೆರಿಕದ ತೆರಿಗೆಯವರು ಬಹುಮಾನದ ಕಾರಿಗೂ ಬೆಲೆ ಕಟ್ಟಿ ತೆರಿಗೆ ಕೇಳುತ್ತಾರೆ. ಗೆದ್ದ ಕಾರನ್ನು ಉಳಿಸಿಕೊಳ್ಳಲು ಗೆದ್ದ ಇನ್ನೊಂದು ಕಾರನ್ನು ಮಾರುವ ಪಾಡು. ಮಿತಿ ಇದ್ದಿದ್ದರೆ ಆತ ಒಂದೇ ಕಾರಿನಲ್ಲಿ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದ.

ನನ್ನ ಮೆಚ್ಚಿನ ಕಾರ್ಯಕ್ರಮ ‘ಜೆಪರ್ಡಿ’. ಅದು ಹುಟ್ಟಿದ್ದೇ ಈ ಹಗರಣದ ಬೂದಿಯಿಂದ. ಮೋಸದ ಸುದ್ದಿಯಾದ ಮೇಲೆ ರಸಪ್ರಶ್ನೆ ಎಂದರೆ ವಾಹಿನಿಗಳು ಕೈ ಮುಗಿಯುತ್ತಿದ್ದ ಕಾಲ. ನಿರ್ಮಾಪಕ ಮರ್ವ್ ಗ್ರಿಫಿನ್ ವಿಮಾನದಲ್ಲಿ ಕೂತು ಇದೇ ಚಿಂತೆ ಮಾಡುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಡತಿ, ಉತ್ತರವನ್ನೇ ಮೊದಲು ಕೊಟ್ಟುಬಿಟ್ಟರೆ ಹೇಗೆ ಎಂದಳಂತೆ. ಗುಟ್ಟಾಗಿ ಕೊಟ್ಟರೆ ತಾನೆ ಹಗರಣ, ಎಲ್ಲರೆದುರೇ ಕೊಟ್ಟರೆ ಆಟ! 1964ರಿಂದ ‘ಜೆಪರ್ಡಿ’ಯಲ್ಲಿ ನಿರೂಪಕ ಹೇಳುವುದು ಉತ್ತರ, ಸ್ಪರ್ಧಿ ಹೇಳಬೇಕಾದದ್ದು ಪ್ರಶ್ನೆ. ಮೂರು ಜನ ಸ್ಪರ್ಧಿಗಳು, ಗೆದ್ದವನು ಮಾರನೆಯ ದಿನ ಮತ್ತೆ ಬರಬೇಕು. ಆದರೆ ಆಗ ಐದೇ ದಿನ. ಐದು ದಿನ ಗೆದ್ದ ಮೇಲೆ ಸೋಲದಿದ್ದರೂ ಹೊರಡಬೇಕಿತ್ತು. ನಮ್ಮ ಹಳೇ ಕಾಲದ ಐದು ದಿನದ ಮದುವೆಯ ಹಾಗೆ. ಬೀಗರು ಎಷ್ಟೇ ಒಳ್ಳೆಯವರಾದರೂ ಆರನೆಯ ದಿನ ಬೆಳಿಗ್ಗೆ ಜಗುಲಿಯಲ್ಲಿ ಕಾಫಿಗೆ ಕೂತಿದ್ದರೆ ಯಾರಿಗೆ ತಾನೆ ಸಹಿಸುತ್ತದೆ?

ಎಂಬತ್ತರ ದಶಕದಲ್ಲಿ ಈ ಐದು ದಿನದ ಮೇಲೆ ಇನ್ನೊಂದು ಬೀಗ ಹಾಕಿದರು: ಒಬ್ಬ ಎಷ್ಟೇ ಗೆದ್ದರೂ ಕೈಗೆ 75,000 ಡಾಲರ್ ಮಾತ್ರ. 1990ರಲ್ಲಿ ನ್ಯೂಯಾರ್ಕ್ ಸಾರಿಗೆ ಪೊಲೀಸ್ ಇಲಾಖೆಯ ಫ್ರ್ಯಾಂಕ್ ಸ್ಪ್ಯಾಂಗನ್‌ಬರ್ಗ್ ಎಂಬ ದಪ್ಪ ಮೀಸೆಯ ಅಧಿಕಾರಿ ಐದು ದಿನದಲ್ಲಿ 1,02,597 ಡಾಲರ್ ಗೆದ್ದರು. ಬೀಗದಾಚೆ ಉಳಿದ 27,597 ಡಾಲರ್, ಮದರ್ ತೆರೇಸಾ ಅವರ ಸನ್ಯಾಸಿನಿಯರು ನಡೆಸುತ್ತಿದ್ದ ಆಸರೆಧಾಮಕ್ಕೆ ದಾನವಾಗಿ ಹೋಯಿತು. ಇದು ನಿಜವಾಗಿ ಉನ್ನತ ವ್ಯವಸ್ಥೆ. ಒಬ್ಬನ ಬೆವರಿನಿಂದ ಇನ್ನೊಬ್ಬರು ಪುಣ್ಯ ಕಟ್ಟಿಕೊಳ್ಳುವುದು ನಮ್ಮಲ್ಲೂ ಇದೆ, ಆದರೆ ನಿಯಮಾವಳಿಯಲ್ಲಿ ಬರೆದಿರುವುದಿಲ್ಲ. ನನಗೊಂದೇ ಸಂಶಯ. ಪೊಲೀಸಿನವನು ಗೆದ್ದ ವಾರ ಕಾರ್ಯಕ್ರಮದ ನಡುವೆ ಬಂದ ಜಾಹೀರಾತುಗಳಿಗೂ ಇಂಥದೊಂದು ಬೀಗ ಇದ್ದು, ಅದರಾಚೆ ಉಳಿದದ್ದು ಅದೇ ಆಸರೆಧಾಮಕ್ಕೆ ಹೋಗಿದ್ದರೆ ಸನ್ಯಾಸಿನಿಯರು ಇನ್ನೆರಡು ಮಹಡಿ ಎತ್ತುತ್ತಿದ್ದರೋ ಏನೋ.

ಮಿತಿಯ ಪರವಾಗಿ ವಾದಿಸುವಾಗ ಬ್ರ್ಯಾಡ್ ರಟ್ಟರ್ ಎಂಬುವನ ಹೆಸರು ಎತ್ತಬಾರದು, ಕೆಲಸ ಕೆಡುತ್ತದೆ. ಆದರೂ ಎತ್ತುತ್ತೇನೆ. ರಟ್ಟರ್ 2000ದಲ್ಲಿ ಐದು ದಿನ ಗೆದ್ದು, 55,102 ಡಾಲರ್ ಹಿಡಿದು, ನಿಯಮಕ್ಕೆ ನಮಸ್ಕಾರ ಹೇಳಿ ಮನೆಗೆ ಹೋದ ಹುಡುಗ. ಮಿತಿ ಕೆಲಸ ಮಾಡಿತು ಎಂದು ಎಲ್ಲರೂ ಉಸಿರುಬಿಟ್ಟರು. ಆಮೇಲೆ ಹಳೆಯ ವಿಜೇತರನ್ನು ಕರೆದು ವಿಶೇಷ ಪಂದ್ಯ ಇಟ್ಟರು. ಬಂದ, ಒಂದು ಲಕ್ಷ ಒಯ್ದ. 2002ರಲ್ಲಿ ಇನ್ನೊಂದು ಪಂದ್ಯ, ಬಂದ, ಹತ್ತು ಲಕ್ಷ. 2005ರಲ್ಲಿ ಮತ್ತೊಂದು, ಇಪ್ಪತ್ತು ಲಕ್ಷ. 2014ರಲ್ಲಿ ಮಗದೊಂದು, ಪುನಃ ಹತ್ತು ಲಕ್ಷ. ಮುಂಬಾಗಿಲಿನಲ್ಲಿ ಐದೇ ಹೋಳಿಗೆ ಎಂದು ಫಲಕ ಹಾಕಿ, ಹಿತ್ತಿಲ ಬಾಗಿಲಿನಲ್ಲಿ ಬುಟ್ಟಿಗಟ್ಟಲೆ ಕೊಟ್ಟು ಕಳಿಸಿದರು. ಮಿತಿಯ ನೆರಳಿನಲ್ಲಿ ಬೆಳೆದವನೇ ಆ ಆಟದ ಅತಿ ಶ್ರೀಮಂತನಾದ.

ಮೈಕೆಲ್ ಲಾರ್ಸನ್ ವಿಷಯಕ್ಕೆ ಬಂದರೆ ನನಗೆ ಈಗಲೂ ರಕ್ತ ಕುದಿಯುತ್ತದೆ. ಓಹಾಯೋದ ಐಸ್‌ಕ್ರೀಂ ಗಾಡಿ ಡ್ರೈವರ್. ಸಿಬಿಎಸ್‌ನ ‘ಪ್ರೆಸ್ ಯುವರ್ ಲಕ್’ ಎಂಬ ಆಟದಲ್ಲಿ ಒಂದು ದೊಡ್ಡ ಹಲಗೆಯ ಮೇಲೆ ದೀಪ ಎಲ್ಲೆಂದರಲ್ಲಿ ಕುಣಿಯುತ್ತಿರುತ್ತದೆ, ಗುಂಡಿ ಒತ್ತಿದಾಗ ನಿಂತಲ್ಲಿ ದುಡ್ಡೋ ದೆವ್ವವೋ ಸಿಗುತ್ತದೆ. ಹೆಸರೇ ಹೇಳುವಂತೆ ಅದೃಷ್ಟದ ಆಟ. ಈ ಮನುಷ್ಯ ಮನೆಯಲ್ಲಿ ವಿಸಿಆರ್ ಹಚ್ಚಿ, ಕಂತುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ದೀಪ ಎಲ್ಲೆಂದರಲ್ಲಿ ಕುಣಿಯುವುದಿಲ್ಲ, ಐದೇ ಹೆಜ್ಜೆ ಕಲಿತಿದೆ ಎಂದು ಕಂಡುಕೊಂಡ. ಆ ಐದನ್ನೂ ಬಾಯಿಪಾಠ ಮಾಡಿದ. 1984ರಲ್ಲಿ ಹೋಗಿ ಒಂದೇ ಆಟದಲ್ಲಿ 1,10,237 ಡಾಲರ್ ಎತ್ತಿದ. 25,000ದ ಮಿತಿ ನಾಳೆ ಬರಬೇಡ ಎನ್ನುವ ಮಿತಿ, ಇವನು ನಾಳೆಗೆ ಉಳಿಸಲೇ ಇಲ್ಲ. ವಾಹಿನಿಯವರು ನಿಯಮಾವಳಿಯನ್ನು ತಿರುವಿ ಹಾಕಿದರು. ಕದ್ದಿಲ್ಲ, ಲಂಚ ಕೊಟ್ಟಿಲ್ಲ, ಯಾರನ್ನೂ ಕೇಳಿಲ್ಲ. ನೋಡಿದ್ದಾನೆ. ಟೀವಿಯನ್ನು ಯಾರೂ ಅಷ್ಟು ಗಮನವಿಟ್ಟು ನೋಡುತ್ತಾರೆಂದು ಟೀವಿಯವರೇ ಅಂದುಕೊಂಡಿರಲಿಲ್ಲ. ಹಲ್ಲು ಕಚ್ಚಿ ದುಡ್ಡು ಕೊಟ್ಟರು.

ಇಲ್ಲೇ ನನಗೆ ಪೋಸ್ಟ್‌ಮಾಸ್ಟರ ಮಗ ನೆನಪಾಗುವುದು. ಅವನದೂ ಅದೇ ಅಪರಾಧ. ಎಲ್ಲರ ಕಣ್ಣೆದುರು ಹಾದುಹೋಗುವುದನ್ನು ಅವನು ಬಿಚ್ಚಿ ಓದಿದ.

ಅದೃಷ್ಟವಂತರ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ ನೋಡಿ. 2022ರ ನವೆಂಬರ್‌ನಲ್ಲಿ ಅಮೆರಿಕದ ಪವರ್‌ಬಾಲ್ ಲಾಟರಿಯಲ್ಲಿ ಒಂದೇ ಟಿಕೆಟಿಗೆ 204 ಕೋಟಿ ಡಾಲರ್ ಬಹುಮಾನ ಬಂತು. ಇದಕ್ಕೊಂದು ಮಿತಿ ಬೇಡವೇ ಎಂದು ಯಾವ ಅಂಕಣಕಾರನೂ ಅಳಲಿಲ್ಲ. ಕರ್ನಾಟಕದಲ್ಲಿ 2007ರಿಂದ ಲಾಟರಿಯೇ ಇಲ್ಲ. ಆದರೂ 2024ರಲ್ಲಿ ಕೇರಳದ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯ ಮೆಕ್ಯಾನಿಕ್ ಒಬ್ಬರಿಗೆ ಬಂದಾಗ ನಾವೆಲ್ಲ ನಮ್ಮ ಮನೆಗೇ ಬಂದಂತೆ ಖುಷಿಪಟ್ಟೆವು. ಯಾಕೆಂದರೆ ಆ ಟಿಕೆಟು ನನ್ನ ಕೈಗೂ ಬರಬಹುದಿತ್ತು. ಲಾಟರಿ ಗೆದ್ದವನು ನನಗಿಂತ ಮೇಲಲ್ಲ, ನನಗಿಂತ ಮುಂದೆ ಕ್ಯೂನಲ್ಲಿ ನಿಂತಿದ್ದ ಅಷ್ಟೇ. ಆದರೆ ಉತ್ತರ ಗೊತ್ತಿದ್ದು ಗೆಲ್ಲುವವನಿದ್ದಾನಲ್ಲ, ಅವನು ಸೋಫಾದಲ್ಲಿ ಚಕ್ಕುಲಿ ತಿನ್ನುತ್ತಾ ಕೂತ ನನಗೆ ಪ್ರತಿ ಮೂವತ್ತು ಸೆಕೆಂಡಿಗೊಮ್ಮೆ ನಿನಗೆ ಗೊತ್ತಿಲ್ಲ, ನಿನಗೆ ಗೊತ್ತಿಲ್ಲ ಎಂದು ತಿವಿಯುತ್ತಿರುತ್ತಾನೆ. ಐದು ದಿನ ತಡೆದುಕೊಳ್ಳಬಹುದು. ಆರು ತಿಂಗಳು ಹೇಗೆ?

ಆರು ತಿಂಗಳು ತಡೆದುಕೊಳ್ಳಬೇಕಾಗಿ ಬಂತು. 2003ರ ಸೆಪ್ಟೆಂಬರ್‌ನಲ್ಲಿ ‘ಜೆಪರ್ಡಿ’ ಐದು ದಿನದ ನಿಯಮವನ್ನು ಕಿತ್ತುಹಾಕಿತು. 2004ರ ಜೂನ್‌ನಲ್ಲಿ ಯೂಟಾದಿಂದ ಕೆನ್ ಜೆನ್ನಿಂಗ್ಸ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಬಂದ. ನೋಡಲು ನಮ್ಮ ಪಕ್ಕದ ಮನೆಯ, ಸಂಧ್ಯಾವಂದನೆ ತಪ್ಪಿಸದ ಹುಡುಗನ ಹಾಗೆ. ನಗುತ್ತಾ ಬಂದು ನಗುತ್ತಾ ಗೆದ್ದು ನವೆಂಬರ್ ಮುಗಿಯುವವರೆಗೂ ಹೊರಡಲೇ ಇಲ್ಲ. ಒಟ್ಟು 74 ಗೆಲುವು, 25,20,700 ಡಾಲರ್.

ಲೆಕ್ಕ ಹಾಕಿ, ಎದುರಿಗೆ ನಿಂತು ಮಣ್ಣು ಮುಕ್ಕಿದವರು 148 ಮಂದಿ. ಮಿತಿ ಬೇಕೆನ್ನುವವರ ಅತಿ ಗಟ್ಟಿ ವಾದ ಇವರೇ. ಅವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಕಾದು, ಪರೀಕ್ಷೆ ಬರೆದು, ತಮ್ಮದೇ ಖರ್ಚಿನಲ್ಲಿ ವಿಮಾನ ಹತ್ತಿ ಲಾಸ್ ಏಂಜಲೀಸಿಗೆ ಬಂದವರು. ಒಂದೇ ದಿನದಲ್ಲಿ ಐದು ಕಂತು ಚಿತ್ರೀಕರಣ. ಬೆಳಿಗ್ಗೆ ಸ್ಟುಡಿಯೋದಲ್ಲಿ ಕೂರಿಸಿ, ಇವರೇ ಕೆನ್, ಇಂತಿಷ್ಟು ದಿನದಿಂದ ಗೆಲ್ಲುತ್ತಿದ್ದಾರೆ ಎಂದು ಪರಿಚಯ ಮಾಡಿಕೊಡುತ್ತಾರೆ. ಕಂತುಗಳು ಪ್ರಸಾರವಾಗುವ ಮೊದಲೇ ಚಿತ್ರೀಕರಣವಾಗುವುದರಿಂದ ಆರಂಭದಲ್ಲಿ ಬಂದವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಹೆಣ್ಣು ನೋಡಲು ಹೋದವನಿಗೆ ಬಾಗಿಲಲ್ಲಿ ಮದುಮಗನನ್ನೇ ಪರಿಚಯಿಸಿದ ಹಾಗೆ. ಆಗ ಎರಡನೆಯವನಿಗೆ ಸಿಗುತ್ತಿದ್ದದ್ದು 2,000 ಡಾಲರ್, ಮೂರನೆಯವನಿಗೆ 1,000.

ಇನ್ನೊಂದು ವಾದ ಬಜರ್‌ನದು. ಇದು ನ್ಯಾಯವಾದದ್ದೇ. ನಿರೂಪಕ ಓದಿ ಮುಗಿಸಿದ ಮೇಲೆ ಹಲಗೆಯ ಪಕ್ಕದ ದೀಪ ಹತ್ತುತ್ತದೆ, ಆಮೇಲೆ ಒತ್ತಬೇಕು. ಒಂದು ಕ್ಷಣ ಮೊದಲು ಒತ್ತಿದರೆ ಬಜರ್ ಕಾಲು ಸೆಕೆಂಡು ಮುಷ್ಕರ ಹೂಡುತ್ತದೆ, ಅಷ್ಟರಲ್ಲಿ ಪಕ್ಕದವನು ಒತ್ತಿರುತ್ತಾನೆ. ಐವತ್ತು ದಿನ ಅಲ್ಲೇ ನಿಂತವನ ಹೆಬ್ಬೆರಳಿಗೆ ಅದರ ಲಯ ಕೂತಿರುತ್ತದೆ, ಹೊಸಬನ ಹೆಬ್ಬೆರಳು ನಡುಗುತ್ತಿರುತ್ತದೆ. ಇದಕ್ಕೆ ಪರಿಹಾರ ಹೊಸಬರಿಗೆ ಅಭ್ಯಾಸಕ್ಕೆ ಇನ್ನಷ್ಟು ಹೊತ್ತು ಕೊಡುವುದು ಎಂದು ಯಾರಿಗಾದರೂ ಹೊಳೆಯುತ್ತದೆ. ಆದ್ದರಿಂದಲೇ ಅದು ನನಗೆ ರುಚಿಸುವುದಿಲ್ಲ. ನಮ್ಮೂರಲ್ಲಿ ಎಲ್ಲ ಮಕ್ಕಳಿಗೂ ಪತ್ರಿಕೆ ತರಿಸಿದ ಹಾಗಾಗುತ್ತದೆ.

ಆ 148 ಜನರ ಬಗ್ಗೆ ನಾನು ಬಹಳ ಮರುಗಿದವನು. ಆದರೆ ಅವರಲ್ಲಿ ಒಬ್ಬರಾದರೂ ಊರಿಗೆ ಹೋಗಿ ಸುಮ್ಮನಿದ್ದರೇ? ಮಕ್ಕಳು ಮೊಮ್ಮಕ್ಕಳಿಗೆ, ಕ್ಷೌರಿಕನಿಗೆ, ಬ್ಯಾಂಕಿನವನಿಗೆ, ನಾನು ಕೆನ್ ಜೆನ್ನಿಂಗ್ಸ್ ಎದುರು ಸೋತವನು ಎಂದು ಹೇಳಿಕೊಂಡೇ ತಿರುಗುತ್ತಾರೆ ಎಂದು ನಾನು ಪಂಥ ಕಟ್ಟಬಲ್ಲೆ. ಐದೇ ದಿನಕ್ಕೆ ಅವನನ್ನು ಮನೆಗೆ ಕಳಿಸಿದ್ದರೆ ಇವರೆಲ್ಲ ಯಾರೋ ಒಬ್ಬನೆದುರು ಸೋತವರಾಗುತ್ತಿದ್ದರು. ಇದು ನನ್ನ ವಾದಕ್ಕೆ ಅನುಕೂಲವಾದ ಅಂಶವಲ್ಲ, ಮುಂದೆ ಹೋಗೋಣ.

ಕೊನೆಗೆ ಜೆನ್ನಿಂಗ್ಸ್ ಸೋತದ್ದು ಹೇಗೆ ಗೊತ್ತೇ? ತೆರಿಗೆಯಿಂದ. ವರ್ಷದಲ್ಲಿ ನಾಲ್ಕೇ ತಿಂಗಳು ಕೆಲಸ ಮಾಡುವ 70,000 ಹಂಗಾಮಿ ನೌಕರರಿರುವ ಕಂಪನಿ ಯಾವುದು ಎಂಬುದು ಅಂದಿನ ಕೊನೆಯ ಸುಳಿವು. ಅದು ಜನರ ಆದಾಯ ತೆರಿಗೆಯ ಫಾರಂ ತುಂಬಿಕೊಡುವ ಎಚ್ ಆ್ಯಂಡ್ ಆರ್ ಬ್ಲಾಕ್. ಜೆನ್ನಿಂಗ್ಸ್ ಫೆಡೆಕ್ಸ್ ಎಂದು ಬರೆದ. ಎದುರಿದ್ದ ರಿಯಲ್ ಎಸ್ಟೇಟ್ ಏಜೆಂಟ್ ಹೆಂಗಸು ಸರಿ ಬರೆದು ಗೆದ್ದರು, ಮರುಕಂತಿನಲ್ಲೇ ಸೋತು ಹೋದರು. ಇಪ್ಪತ್ತೈದು ಲಕ್ಷ ಡಾಲರ್ ಗಳಿಸಿದವನಿಗೆ ತೆರಿಗೆಯವರ ನೆನಪು ಬರಲಿಲ್ಲವಲ್ಲ ಎಂದು ಅಮೆರಿಕವೆಲ್ಲ ನಕ್ಕಿತು. ಆ ಕಂಪನಿಯವರು ಜೀವಮಾನವಿಡೀ ನಿಮ್ಮ ತೆರಿಗೆ ಲೆಕ್ಕವನ್ನು ಪುಕ್ಕಟೆ ಮಾಡಿಕೊಡುತ್ತೇವೆ ಎಂದರು. ಈಗ ಅದೇ ‘ಜೆಪರ್ಡಿ’ಗೆ ಜೆನ್ನಿಂಗ್ಸೇ ನಿರೂಪಕ. ಬೀಗರನ್ನು ಆರನೆಯ ದಿನ ಕಳಿಸದಿದ್ದರೆ ಮನೆಯ ಯಜಮಾನಿಕೆಯೇ ಕೈ ಬದಲಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಒಬ್ಬನೇ ಗೆಲ್ಲುತ್ತಿದ್ದರೆ ನೋಡುಗರಿಗೆ ಬೇಸರ ಬಂದು ಚಾನೆಲ್ ತಿರುಗಿಸುತ್ತಾರೆ ಎಂದೂ ನಾವು ಮಿತಿವಾದಿಗಳು ಹೇಳುತ್ತಿದ್ದೆವು. ಜೆನ್ನಿಂಗ್ಸ್ ಗೆಲ್ಲುತ್ತಿದ್ದಾಗ ನೋಡುಗರ ಸಂಖ್ಯೆ ಏರಿತು. 2019ರಲ್ಲಿ ಲಾಸ್ ವೇಗಾಸಿನ ವೃತ್ತಿಪರ ಜೂಜುಗಾರ ಜೇಮ್ಸ್ ಹೋಲ್ಟ್‌ಜವರ್ ಬಂದು, ಹಲಗೆಯ ಕೆಳಸಾಲಿನ ದೊಡ್ಡ ಮೊತ್ತದ ಪ್ರಶ್ನೆಗಳಿಗೇ ಮೊದಲು ಕೈಹಾಕಿ, ಸಿಕ್ಕಿದ್ದನ್ನೆಲ್ಲ ಪಣಕ್ಕಿಟ್ಟು, ಒಂದೇ ದಿನ 1,31,127 ಡಾಲರ್ ಹೊಡೆದಾಗ ಮತ್ತೆ ಏರಿತು. ಅವನು 32 ಗೆಲುವಿಗೆ 24,62,216 ಡಾಲರ್ ಒಯ್ದ. ಆಟ ಕೆಟ್ಟಿತು ಎಂದು ಪತ್ರಿಕೆಗಳಲ್ಲಿ ಬರೆದವರಿದ್ದರು. ಬರೆದವರೂ ದಿನಾ ನೋಡುತ್ತಿದ್ದರು, ನೋಡದೆ ಬರೆಯುವುದು ಹೇಗೆ? ಅವನನ್ನು ಸೋಲಿಸಿದ್ದು ಯಾವ ನಿಯಮವೂ ಅಲ್ಲ, ಷಿಕಾಗೋ ವಿಶ್ವವಿದ್ಯಾಲಯದ ಲೈಬ್ರರಿಯ ಉದ್ಯೋಗಿಯೊಬ್ಬಳು. ರಸಪ್ರಶ್ನೆಯ ಪ್ರಶ್ನೆಗಳು ಎಷ್ಟು ಕಠಿಣ ಎಂದು ಮೊದಲೇ ಅಂದಾಜಿಸುವುದು ಹೇಗೆ ಎಂಬುದೇ ಆಕೆ ಕಾಲೇಜಿನಲ್ಲಿ ಬರೆದ ಪ್ರಬಂಧದ ವಿಷಯ. ಇನ್ನೊಬ್ಬ ಪೋಸ್ಟ್‌ಮಾಸ್ಟರ ಮಗಳು.

ಫ್ರಾನ್ಸಿನಲ್ಲಿ ಎಮಿಲಿಯೆನ್ ಎಂಬ ಹುಡುಗ 2023ರಿಂದ 2025ರ ಜುಲೈವರೆಗೆ ಮಧ್ಯಾಹ್ನದೂಟದ ಹೊತ್ತಿನ ಆಟವೊಂದರಲ್ಲಿ 647 ಕಂತು ಕಾಣಿಸಿಕೊಂಡು 25 ಲಕ್ಷ ಯೂರೋ ದಾಟಿದ. ಸುಮಾರು ಎರಡು ವರ್ಷ! ನಮ್ಮಲ್ಲಿ ಧಾರಾವಾಹಿಯ ಸೊಸೆಯೊಬ್ಬಳು ಅಷ್ಟು ದಿನ ಅಳುತ್ತಾಳೆ, ಅವಳಿಗೆ ಮಿತಿ ಹಾಕಿ ಎಂದು ಯಾರೂ ಕೇಳುವುದಿಲ್ಲ. ಮಿತಿಯಿಲ್ಲದೆ ನಡೆಯುತ್ತಿರುವ ಬೇರೆ ಕೆಲವು ಆಟಗಳೂ ನೆನಪಾಗುತ್ತವೆ, ಅಲ್ಲಿ ಗೆದ್ದವರು ಐದೈದು ವರ್ಷಕ್ಕೊಮ್ಮೆ ಆಸ್ತಿ ವಿವರ ಸಲ್ಲಿಸುತ್ತಾರೆ. ಸಂಪಾದಕರು ಈ ಸಾಲಿಗೆ ಮಿತಿ ಹಾಕುವ ಮೊದಲು ನಾನೇ ನಿಲ್ಲಿಸುತ್ತೇನೆ.

ಇಂಗ್ಲಿಷರು ಮಾತ್ರ ಜಾಣರು. ಚಾನೆಲ್ 4ರ ‘ಕೌಂಟ್‌ಡೌನ್’ನಲ್ಲಿ ಎಂಟು ಸಲ ಗೆದ್ದವರು ತಾವಾಗಿ ಪಕ್ಕಕ್ಕೆ ಸರಿಯಬೇಕು. ಯಾರೂ ತಕರಾರು ಎತ್ತುವುದಿಲ್ಲ, ಯಾಕೆಂದರೆ ಅಲ್ಲಿ ಗೆದ್ದವರಿಗೆ ಸಿಗುವುದು ಒಂದು ಟೀ ಪಾತ್ರೆ. ಒಂಬತ್ತನೆಯ ಟೀ ಪಾತ್ರೆ ಇಟ್ಟುಕೊಂಡು ಏನು ಮಾಡುತ್ತಾರೆ? ಅದೇ ದೇಶದಲ್ಲಿ 1990ರ ಸುಮಾರಿಗೆ ಅಮೆರಿಕದ 64,000ದ ಪ್ರಶ್ನೆಯನ್ನು ತಂದು ಆಡಿಸಿದರು. ಬಹುಮಾನಕ್ಕೆ ಸರ್ಕಾರಿ ನಿಯಂತ್ರಕರ ಮಿತಿಯಿದ್ದದ್ದರಿಂದ ಹೆಸರಿನಲ್ಲಿ ಅಷ್ಟೂ ಸೊನ್ನೆಗಳನ್ನು ಉಳಿಸಿಕೊಂಡು, ಕೊಟ್ಟದ್ದು 6,400 ಪೌಂಡ್. ಒಂದು ಸೊನ್ನೆಯನ್ನು ನಿಯಮ ನುಂಗಿತು.

ನಮ್ಮಲ್ಲಿ ಸೊನ್ನೆ ನುಂಗುವ ಕೆಲಸವನ್ನು ಬೇರೆ ಇಲಾಖೆ ವಹಿಸಿಕೊಂಡಿದೆ. 2000ದಲ್ಲಿ ಅಮಿತಾಭ್ ಬಚ್ಚನ್ ಹಿಂದಿಯಲ್ಲಿ ಕೋಟಿ ತೋರಿಸಿದರು, 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ತೋರಿಸಿದರು. ಇಲ್ಲಿ ಗೆದ್ದವನು ನಾಳೆ ಮತ್ತೆ ಬರುವ ಪದ್ಧತಿಯೇ ಇಲ್ಲ, ಬಿಸಿ ಕುರ್ಚಿ ಒಂದೇ ಸಲ. ಕೋಟಿ ಗೆದ್ದವನ ಕೈಗೆ ಚೆಕ್ ಬರುವ ಮೊದಲು ನೂರಕ್ಕೆ ಮೂವತ್ತು ತೆರಿಗೆ ಮುರಿದುಕೊಳ್ಳುತ್ತಾರೆ, ಮೇಲೆ ಸೆಸ್ಸು, ಸರ್‌ಚಾರ್ಜು. ಅವನಿಗೆ ಬೇರೆ ಒಂದು ರೂಪಾಯಿ ಆದಾಯವಿಲ್ಲದಿದ್ದರೂ ಬಡವರಿಗೆಂದು ಇರುವ ವಿನಾಯಿತಿ ಈ ದುಡ್ಡಿಗೆ ಅನ್ವಯಿಸುವುದಿಲ್ಲ. ಜೂಜು, ಕುದುರೆ, ಲಾಟರಿ, ರಸಪ್ರಶ್ನೆ, ಎಲ್ಲವೂ ಕಾನೂನಿನ ಕಣ್ಣಿಗೆ ಒಂದೇ ಜಾತಿ. ಓದಿ ಗೆದ್ದದ್ದಕ್ಕೂ ಕಣ್ಣು ಮುಚ್ಚಿ ಚೀಟಿ ಎತ್ತಿದ್ದಕ್ಕೂ ಭೇದವೆಣಿಸದ ಸಮದರ್ಶಿತ್ವ ಆದಾಯ ತೆರಿಗೆ ಇಲಾಖೆಯಲ್ಲಿ ಮಾತ್ರ ಉಳಿದಿದೆ.

ಆದರೆ ಇಡೀ ಜಗತ್ತಿನಲ್ಲಿ ಈ ಸಮಸ್ಯೆಯನ್ನು ಬೇರುಸಹಿತ ಬಗೆಹರಿಸಿದ್ದು ನಮ್ಮ ಚಂದನ ವಾಹಿನಿಯೇ. 2002ರಿಂದ ಡಾ. ನಾ. ಸೋಮೇಶ್ವರ ಅವರು ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದಿದ್ದಾರೆ, ಕಂತುಗಳು ಮೂರು ಸಾವಿರ ದಾಟಿವೆ. ಸರಿಯುತ್ತರ ಹೇಳಿದವರಿಗೆ ಕೊಡುವುದು ಪುಸ್ತಕ. ಇಷ್ಟು ವರ್ಷದಲ್ಲಿ, ಇವನಿಗೆ ಪುಸ್ತಕ ಜಾಸ್ತಿಯಾಯಿತು, ಮಿತಿ ಹಾಕಿ ಎಂದು ಒಬ್ಬ ಕನ್ನಡಿಗನೂ ಅರ್ಜಿ ಹಾಕಿದ್ದು ನಾನು ಕೇಳಿಲ್ಲ. ಒಬ್ಬ ಎಪ್ಪತ್ತನಾಲ್ಕು ದಿನ ಗೆದ್ದು ಲಾರಿಯಲ್ಲಿ ಪುಸ್ತಕ ಹೇರಿಕೊಂಡು ಹೋದರೂ ಪಾಪ, ಎಲ್ಲಿಡುತ್ತಾನೋ ಎಂದು ಮರುಕಪಡುತ್ತೇವೆಯೇ ಹೊರತು ಹೊಟ್ಟೆಕಿಚ್ಚು ಪಡುವುದಿಲ್ಲ. ಗೆದ್ದವನು ಅದನ್ನು ಓದಿ ಮುಂದಿನ ಸಲ ಇನ್ನೂ ಚೆನ್ನಾಗಿ ಗೆಲ್ಲುತ್ತಾನಲ್ಲ ಎಂಬ ಅಪಾಯ ನಮ್ಮ ಹೆಡ್‌ಮಾಸ್ಟರಿಗಾದರೂ ಹೊಳೆಯುತ್ತಿತ್ತು.

ಇಷ್ಟನ್ನೂ ಬರೆದು, ಮಿತಿ ಬೇಕೆಂದು ಕೊನೆಯ ಸಾಲು ಬರೆಯಲು ಹೊರಟಿದ್ದೆ. ಒಳಗಿನಿಂದ ಅಮ್ಮ ಕೂಗಿದಳು. ಅವಳಿಗೆ ಈಗ ಎಂಬತ್ತು ದಾಟಿದೆ, ಹೆಸರುಗಳು ಮರೆತು ಹೋಗುತ್ತವೆ, ಪಾತ್ರೆಗಳು ಮರೆಯುವುದಿಲ್ಲ. ಶಾಲೆಯ ಹೆಸರು, ವರ್ಷ ಅರ್ಧ ಸವೆದಿರುವ ನನ್ನ ಆ ಲೋಟ ಅಡುಗೆಮನೆಯಲ್ಲಿ ಇನ್ನೂ ಇದೆ.

"ಬರೆದದ್ದು ಸಾಕು, ಬಾರೋ. ಪೋಸ್ಟ್‌ಮಾಸ್ಟರ ಮಗನ ಲೋಟದಲ್ಲಿ ಕಾಫಿ ಇಟ್ಟಿದೀನಿ, ಆರಿ ಹೋಗ್ತಾ ಇದೆ."